ಗಂಡನ ಹೆಸರಿನಲ್ಲಿ ಕೇಳಿದ ವಿಳಾಸ

ಹೆಂಗಸರೂ ಕುಡಿಯುತ್ತಾರೆ. ಈಗಷ್ಟೇ ಕೇಳಿದವರಂತೆ ಮುಖ ಮಾಡಬೇಡಿ. ನಿಮ್ಮ ಓಣಿಯಲ್ಲೂ ಒಬ್ಬಳಿದ್ದಾಳೆ. ಗಂಡಸು ಕುಡಿದು ಕಟ್ಟೆಯ ಮೇಲೆ ಬಿದ್ದರೆ ಊರು ನಗುತ್ತದೆ. ಹೆಂಗಸು ಅಡುಗೆಮನೆಯ ಬಾಗಿಲು ಹಾಕಿಕೊಂಡು ಕುಡಿಯುತ್ತಾಳೆ. ಕಂಡರೂ ಕಾಣದಂತೆ ಇರುತ್ತೇವೆ.

ಕಮಲಾಪುರದ ಶಾರದಾಬಾಯಿ ಅಂಥವಳು. ಗಂಡ ತುಕಾರಾಮನದು ಹಿಟ್ಟಿನ ಗಿರಣಿ. ಕೊರಳಲ್ಲಿ ತುಳಸಿ ಮಾಲೆ, ಏಕಾದಶಿಗೆ ಉಪವಾಸ. ಹೆಂಡವಿರಲಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಯನ್ನೂ ಮುಟ್ಟದ ಮನುಷ್ಯ. ಗರ್ಭಕೋಶದ ಆಪರೇಷನ್ ಆದ ಮೇಲೆ ಸೊಂಟನೋವಿಗೆ ಇವಳಿಗೆ ನಿದ್ದೆ ಹತ್ತದಾಗ ನೆರೆಮನೆಯವಳೊಬ್ಬಳು ಕೂಲ್‌ಡ್ರಿಂಕ್ಸ್ ಬಾಟಲಿಯಲ್ಲಿ ಬ್ರಾಂದಿ ಬೆರೆಸಿ ತಂದುಕೊಟ್ಟಳು: "ಔಷಧ ಅಂತ ತಿಳ್ಕೊಂಡು ಕುಡಿ, ಎವ್ವಾ." ಅಲ್ಲಿಂದ ಶುರು. ಈಗ ಬೆಳಿಗ್ಗೆ ಎದ್ದರೆ ಕೈ ನಡುಗುತ್ತದೆ, ಒಂದು ಗುಟುಕು ಇಳಿದರೆ ನಿಲ್ಲುತ್ತದೆ. ಗಂಡನಿಗೆ ಗೊತ್ತಿಲ್ಲ. ಗೊತ್ತಿದ್ದೂ ಗಿರಣಿಯ ಸದ್ದಿನೊಳಗೆ ಅಡಗಿ ಕೂತಿದ್ದಾನೋ ಏನೋ.

ಮಗಳು ಅಂಬಿಕಾ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರುವವಳು. ಒಂದು ದಿನ ಫೋನಿನಲ್ಲಿ ಅಂದಳು: "ಅವ್ವಾ, ಕೂಸಿಗಿ ನೀನೇ ಎರೀಬೇಕು ನೋಡು. ಬ್ಯಾರೇರ ಕೈಯಾಗ ನಾ ಕೊಡಂಗಿಲ್ಲ."

"ಎರೀತೀನಿ ತಗೋ. ನಿನಗ ಎರದು ದೊಡ್ಡಾಕಿ ಮಾಡಿಲ್ಲೇನು?" ಎಂದು ನಕ್ಕು ಫೋನ್ ಇಟ್ಟಳು. ಆ ನಗು ಅಲ್ಲಿಗೇ ಮುಗಿಯಿತು.

ಎರೆಯುವುದೆಂದರೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಹಸುಗೂಸನ್ನು ಕಾಲ ಮೇಲೆ ಮಲಗಿಸಿ, ಬಿಸಿನೀರು ಹಾಕುವ ಕೆಲಸ. ಮನೆಯಲ್ಲಿ ಯಾರೂ ಇಲ್ಲದಾಗ ಶಾರದಾಬಾಯಿ ಒಂದು ಸೋರೆಕಾಯಿಗೆ ಎಣ್ಣೆ ಹಚ್ಚಿ ಕಾಲ ಮೇಲಿಟ್ಟು ನೋಡಿದಳು. ಹೊರಳಿಸುವಾಗ ಜಾರಿತು. ಕಲ್ಲಿಗೆ ಬಡಿದು ಎರಡು ಹೋಳಾಯಿತು.

ಅಂದೇ ಬಾಟಲಿಯನ್ನು ಮೋರಿಗೆ ಸುರಿದಳು. ಮರುದಿನ ಮೈಯೆಲ್ಲ ಬೆವರು. ಗೋಡೆಯ ತುಂಬ ಇಲ್ಲದ ಇರುವೆಗಳು ಹರಿದಾಡಿದವು. ಹೆದರಿ ಮತ್ತೆ ಕುಡಿದಳು. ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಕುತ್ತು, ಮೊದಲು ಡಾಕ್ಟರನ್ನು ಕಾಣಬೇಕು ಎಂದು ಅವಳಿಗೆ ಯಾರು ಹೇಳಬೇಕಿತ್ತು? ಮುಚ್ಚಿಟ್ಟವಳಿಗೆ ಯಾರು ಹೇಳುತ್ತಾರೆ?

ಮಗಳ ಸ್ಕ್ಯಾನಿಂಗಿಗೆಂದು ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಗೆ ಹೋದಾಗ ಗೋಡೆಯ ಮೇಲೊಂದು ಚೀಟಿ ಕಂಡಿತು: ಕುಡಿತ ಬಿಡಬೇಕೆನ್ನುವವರ ಸಭೆ, ಭಾನುವಾರ ಸಂಜೆ, ಜೇವರ್ಗಿ ಕಾಲೋನಿ. ಕೆಳಗೆ ನಂಬರು. ಮನೆಗೆ ಬಂದು ಫೋನ್ ಹಚ್ಚಿದರೆ ಆ ಕಡೆಯವನು ಮೆತ್ತಗೆ, "ಯಜಮಾನ್ರಿಗಿ ಕೊಡ್ರಿ ಫೋನು, ನಾ ಮಾತಾಡ್ತೀನಿ" ಅಂದ. ಕಟ್ ಮಾಡಿದಳು.

ಭಾನುವಾರ ಕೂಸಿಗೆ ಹೊದಿಸುವ ಕೌದಿಗೆ ಅರಿವೆ ತರುತ್ತೇನೆಂದು ಗಂಡನಿಗೆ ಹೇಳಿ ಬಸ್ಸು ಹತ್ತಿದಳು. ಮಹಾಗಾಂವದಲ್ಲಿ ಹತ್ತಿದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಬಾಯಿಯ ವಾಸನೆಗೆ ಲವಂಗ ಅಗಿಯುತ್ತ, ಸೆರಗು ಮುಚ್ಚಿಕೊಂಡು ಕೂತಳು. ಕಲಬುರಗಿಯಲ್ಲಿ ಇಳಿದು ಆಟೋದವನಿಗೆ ವಿಳಾಸ ಹೇಳಿದಳು. ಅವನ ಹೆಸರು ಶಬ್ಬೀರ್.

"ಅದಾ? ಕುಡುಕರ ಮೀಟಿಂಗಾ?" ಕನ್ನಡಿಯಲ್ಲಿ ನೋಡಿದ. "ಮನ್ಯಾವ್ರು ಭಾಳ ಕುಡೀತಾರೇನಕ್ಕಾ?"

ಅವಳು ತಲೆ ಆಡಿಸಿದಳು. ಅಷ್ಟೇ ಮಾಡಿದ್ದು. ತುಕಾರಾಮ ಕುಡುಕನಾದ.

"ಹೊಡೀತಾನೇನು?" ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. "ಹೊಡೀತಾನ ಅಂದಂಗಾಯ್ತು. ಬೇಶರಂ!"

ಶಾಲೆಯೊಂದರ ಕೋಣೆ. ಬಾಗಿಲಲ್ಲಿ ನಿಂತಿದ್ದ ವಿಶ್ವಾಸ ಎಂಬವನು ಕೈಮುಗಿದ. ದನಿ ಕೇಳಿದೊಡನೆ ಫೋನೆತ್ತಿದವನು ಇವನೇ ಎಂದು ಗೊತ್ತಾಯಿತು. ಒಳಗೆ ಬರೀ ಗಂಡಸರು.

"ಬರ್ರಿ ಅಕ್ಕಾರ. ಯಜಮಾನ್ರು ಹೊರಗ ನಿಂತಾರೇನು? ಅಂಜಬ್ಯಾಡ ಅನ್ರಿ, ನಾವೂ ಅಂಥವ್ರೇ."

ಒಳ್ಳೆಯ ಮನುಷ್ಯ. ಒಳ್ಳೆಯತನದಿಂದಲೇ ಅವಳ ಬಾಯಿ ಕಟ್ಟಿದ. "ಮುಂದಿನ ವಾರ ಕರ್ಕೊಂಡು ಬರ್ತೀನ್ರಿ" ಎಂದು ತಿರುಗಿದಳು.

ಆಟೋ ಇನ್ನೂ ಅಲ್ಲೇ ಇತ್ತು. "ಗಂಡನ್ನ ಕರ್ಕೊಂಡು ಬರ್ರಿ ಅಂದ್ರಾ? ಊರು ಹೇಳ್ರಿ, ನಮ್ಮ ಹುಡುಗರನ್ನ ಕಳಸ್ತೀನಿ. ಎತ್ತಿ ತಂದು ಕುಂದರಸ್ತಾರ ನಿಮ್ಮ ಗಂಡಗ!"

ಮಾಲೆ ಹಾಕಿದ ತುಕಾರಾಮನನ್ನು ನಾಲ್ವರು ಗಿರಣಿಯಿಂದ ಹೊತ್ತು ತರುವುದು ಕಣ್ಣಿಗೆ ಕಟ್ಟಿ ಅವಳಿಗೆ ನಗು ಬಂತು. ನಗುತ್ತಲೇ ಅಳು ಒತ್ತಿತು.

"ಬ್ಯಾಡೋ ತಮ್ಮಾ. ಅಂವ ಉಳ್ಳಾಗಡ್ಡಿನೂ ತಿನ್ನಂಗಿಲ್ಲ."

"ಮತ್ತ ಕುಡಿಯಾವ್ರು ಯಾರು?"

"ನಾ."

ಇವನೀಗ ಉಗುಳುತ್ತಾನೆ ಎಂದುಕೊಂಡಳು ಶಾರದಾಬಾಯಿ. ಕಾಲುಗಳು ಓಡಲು ಸಿದ್ಧವಾಗಿದ್ದವು. ಶಬ್ಬೀರ್ ಗಾಡಿ ಬಂದ್ ಮಾಡಿದ.

"ಹೋಗ್ರಿ ಒಳಗ. ವಾಪಸ್ ನಾನೇ ಬಸ್‌ಸ್ಟ್ಯಾಂಡಿಗಿ ಬಿಡ್ತೀನಿ."

ಹೋದಳು. "ನಾನೇ ರೀ" ಎಂದಾಗ ವಿಶ್ವಾಸ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಯಾರೋ ಬಾಗಿಲ ಹತ್ತಿರ ಕುರ್ಚಿ ಎಳೆದಿಟ್ಟರು. ವಿಶ್ವಾಸ ಅಂದದ್ದು ಇಷ್ಟೇ: "ನಾಳೆ ಮೊದಲು ಡಾಕ್ಟರ್ ಹತ್ರ ಹೋಗೂಣ್ರಿ. ನಿಮ್ಮಷ್ಟಕ್ಕ ನೀವೇ ಬಿಡಾಕ ಹೋಗಬ್ಯಾಡ್ರಿ."

ಅಂಬಿಕಾ ಮುಂದಿನ ತಿಂಗಳು ಬರುತ್ತಾಳೆ. ಶಾರದಾಬಾಯಿ ಮಾತ್ರೆ ನುಂಗುತ್ತಿದ್ದಾಳೆ, ಭಾನುವಾರ ತಪ್ಪಿಸಿಲ್ಲ. ತುಕಾರಾಮನಿಗೆ ಇನ್ನೂ ಹೇಳಿಲ್ಲ. ಮಗಳು ಬರುವಷ್ಟರೊಳಗೆ ಕೈಯ ನಡುಕ ನಿಲ್ಲುತ್ತದೆಯೇ ಎಂದು ದಿನಾ ಬೆಳಿಗ್ಗೆ ಬೆರಳು ಚಾಚಿ ನೋಡಿಕೊಳ್ಳುತ್ತಾಳೆ; ಒಮ್ಮೊಮ್ಮೆ ನೋಡಲಿಕ್ಕೂ ಹೆದರುತ್ತಾಳೆ.

ಇಂಥ ಇನ್ನೊಬ್ಬಳು ನಾಳೆ ನಿಮ್ಮ ಅಂಗಡಿಯ ಮುಂದೆ, ನಿಮ್ಮ ಗೇಟಿನ ಹತ್ತಿರ ನಿಂತು ಆ ಕೋಣೆಯ ದಾರಿ ಕೇಳುತ್ತಾಳೆ. ಅವಳ ಗಂಡ ಎಷ್ಟು ಕುಡಿಯುತ್ತಾನೆ ಎಂದು ಕೇಳಬೇಡಿ. ಬಾಯಿ ಮುಚ್ಚಿಕೊಂಡು ಬಾಗಿಲವರೆಗೆ ಅವಳ ಜೊತೆ ನಡೆಯಿರಿ.