ಕಣ್ಣು ಬರಿಯೂಕಿಂತ ಮೊದಲು

ಕೊಪ್ಪಳದಾಗ ನಮ್ಮ ಮನಿ ಪಡಸಾಲಿಯೊಳಗ ಕುಂತು ನಾ ಏಳು ಮಂದಿ ವ್ಯಾಪಾರಕ್ಕ ಬಾಯಿ ಆಗೀನಿ. ಗಂಗಾವತಿಯ ಸೀರಿ ಅಂಗಡಿ, ಕುಷ್ಟಗಿಯ ಟೈಲ್ಸ್ ಅಂಗಡಿ, ಕುಕನೂರಿನ ಬೇಕರಿ, ಹಿಂಗ. ಅವರ ಪೇಜಿಗೆ ಫೋಟೋ, ವಿಡಿಯೋ ಹಾಕೂದು, ಹಬ್ಬಕ್ಕ ಶುಭಾಶಯ ಹೇಳೂದು, ಗಿರಾಕಿ ಕೇಳಿದ್ದಕ್ಕ ಉತ್ತರ ಕೊಡೂದು ಎಲ್ಲಾ ನಂದ. ಮಾಲಕರಿಗೆ ಎಲ್ಲಿ ಪುರುಸೊತ್ತು? ಶಟರ್ ಎತ್ತಿದ್ರ ಮುಗೀತು, ಊಟಕ್ಕೂ ಬಿಡುವಿಲ್ಲ. "ನೀವು ನಿಮ್ಮ ಕೆಲಸ ನೋಡ್ರಿ, ಫೋನಿಂದು ನನಗ ಬಿಡ್ರಿ" ಅಂತ ಎಲ್ಲಾರಿಗೂ ಹೇಳ್ತಿದ್ದೆ. ಭಾಳ ಧಿಮಾಕಿಲೆ ಹೇಳ್ತಿದ್ದೆ. ಈಗ ಹೇಳೂದಿಲ್ಲ.

ಏಳನೇದವರು ಕಿನ್ನಾಳದ ಕಾಕಾ. ನನ್ನ ಸ್ವಂತ ಕಾಕಾ ಅಲ್ಲ, ಕರಿಯೂದು ಹಂಗ. ಕಟಗಿ ಗೊಂಬಿ ಮಾಡಾವರು. ಗಿಳಿ, ಬಾಳಿಹಣ್ಣು, ಮದುಮಕ್ಕಳ ಜೋಡಿ. ಅದರ ಜೊತಿಗೆ ಸುತ್ತಲಿನ ಹಳ್ಳಿಯ ಗ್ರಾಮದೇವತಿಯರು ಬಣ್ಣ ಮಾಸಿ ಬಂದ್ರ ಹೊಸ ಬಣ್ಣ ಕೊಟ್ಟು ಕಳಿಸೂದು ಅವರ ಮನಿತನದ ಕೆಲಸ. ಯಲಬುರ್ಗಾ ಕಡೆಯ ಒಂದು ಊರಿನ ತಾಯಿಗೆ ಅವರ ಮುತ್ಯಾ ಕಣ್ಣು ಬರದಾರ, ಅವರಪ್ಪ ಬರದಾರ, ಆಮ್ಯಾಲ ಇವರು. ಆ ಮಾತು ಹೇಳುವಾಗ ಕಾಕಾ ಕುಂತಲ್ಲೇ ನೆಟ್ಟಗಾಗ್ತಿದ್ರು.

ಪೇಜ್ ಬೇಕು ಅಂದಾಕಿ ಅವರ ಸೊಸಿ. ಆದ್ರ ಮಾವ ಸೊಸಿ ಇಬ್ಬರ ಕೈಯಾಗೂ ದಿನಾ ಕುಂಚ, ಫೋನ್ ಹಿಡಿಯಾವರು ಯಾರು? ಅದಕ್ಕ ನನಗ ಒಪ್ಪಿಸಿದ್ರು. ಕಾಕಾಂದು ಒಂದ ಕರಾರು: "ಏನ ಹಾಕಿದ್ರೂ ಒಂದು ಮಾತು ಕೇಳಿ ಹಾಕವ್ವ." ಎರಡು ತಿಂಗಳು ಕೇಳಿದೆ. "ಈ ಗಿಳಿ ಹಾಕಲೇನ್ರಿ ಕಾಕಾ?" "ಹಾಕು." "ಈ ಬಾಳಿಹಣ್ಣು?" "ಹಾಕು ತಗಿ." ಎಲ್ಲಾದಕ್ಕೂ ಹಾಕು ಅನ್ನಾವರನ್ನ ಎಷ್ಟು ಸಲ ಕೇಳೂದು ಅಂತ ಬಿಟ್ಟುಬಿಟ್ಟೆ. ಬರಿಯೂದನ್ನೂ ಅವರ ಬಾಯಿಲೆ ಬರಿಯಾಕತ್ತಿದೆ, "ನಾನು ಈ ಗಿಳಿ ಮಾಡಿದೆ" ಅಂತ. ಹಂಗ ಬರದ್ರ ಮಂದಿ ಹೆಚ್ಚು ನೋಡ್ತಾರ.

ಹೋದ ವರ್ಷ ಆ ಯಲಬುರ್ಗಾ ಕಡೆಯ ತಾಯಿ ಬಂದಿದ್ಲು. ನನಗ ಗೊತ್ತಿರಲಿಲ್ಲ, ನಾ ಗೊಂಬಿ ವಿಡಿಯೋ ಮಾಡಾಕ ಹೋದಾಕಿ. ಒಳಗಿನ ಖೋಲಿಯಾಗ ಕಾಕಾ ಒಬ್ಬರ ಕುಂತಿದ್ರು. "ಬಾ, ಸಪ್ಪಳ ಮಾಡಬ್ಯಾಡ" ಅಂದ್ರು. ಹಳೇ ಬಣ್ಣ ಪೂರಾ ತಗದು ಬಿಳೇ ಲೇಪ ಕೊಟ್ಟಿದ್ರು. ತಾಯಿ ಮಾರಿ ಬೆಳ್ಳಗ. ಮೂಗೈತಿ, ತುಟಿ ಐತಿ, ಕಣ್ಣಿಲ್ಲ. ಕಾಕಾ ಅಂಗೈಲೆ ಆ ಗಲ್ಲಾ ಮೆಲ್ಲಕ ತಿಕ್ಕಾಕತ್ತಿದ್ರು, ಕೂಸಿನ ಮಾರಿ ಒರಸಿದಂಗ. ಖರೇ ಹೇಳ್ತೀನಿ, ಪೇಜಿಗೆ ಅಂತ ಆ ವಿಡಿಯೋ ತಗೀಲಿಲ್ಲ, ನೋಡಿ ತಡಕೊಳ್ಳಾಕ ಆಗದ ತಗದೆ. ಕಾಕಾ ಒಮ್ಮೆ ತಲಿ ಎತ್ತಿ ನನ್ನ ಫೋನ್ ನೋಡಿ ಮತ್ತ ಗಲ್ಲಾ ತಿಕ್ಕಾಕ ಹತ್ತಿದ್ರು.

ಮನಿಗೆ ಬಂದ ಮ್ಯಾಲ ಮನಸ್ಸು ತಡೀಲಿಲ್ಲ. ಹಾಕಿದೆ. ಕೇಳಲಿಲ್ಲ. "ನನ್ನ ಕೈಯಾಗ ತಾಯಿ ಹೊಸಬಳಾಗಾಕತ್ತಾಳ" ಅಂತ ಕಾಕಾನ ಬಾಯಿಲೆ ಬರದೆ. ಎಪ್ಪಾ, ಏನ ಮಂದಿ ಬಂದ್ರು ನೋಡಾಕ! ಕೈಮುಗಿದ ಚಿತ್ರ ಸಾಲುಸಾಲು. ಊಟಾ ಬಿಟ್ಟು ಒಬ್ಬೊಬ್ಬರಿಗೂ "ಧನ್ಯವಾದಗಳು" ಅಂತ ಒತ್ತಿಕೋತ ಕುಂತೆ, ಹುಚ್ಚಿ.

ನನಗ ಗೊತ್ತಿರದ ಕಟ್ಟಳಿ ಒಂದಿತ್ತು. ಹಳೇ ಬಣ್ಣ ತಗದ ಮ್ಯಾಲ ಕಣ್ಣು ಬರಿಯೂತನಕ ಆ ತಾಯಿ ಮಾರಿಯನ್ನ ಬರಿಯಾವರ ಮನಿಯಾವರು ಬಿಟ್ಟು ಮತ್ಯಾರೂ ನೋಡಂಗಿಲ್ಲ. ಅಷ್ಟೂ ದಿನ ಆ ಊರಾಗ ಯಾರೂ ಒಗ್ಗರಣಿ ಸುದ್ದಾ ಹಾಕಂಗಿಲ್ಲ. ಊರಿಗೆ ಊರ ಬಾಯಿಕಟ್ಟಿ ಕಾಯಾಕತ್ತಿತ್ತು, ನಾ ಆ ಕಣ್ಣಿಲ್ಲದ ಮಾರಿಯನ್ನ ಅವರ ಫೋನಿನ್ಯಾಗ ಇಟ್ಟುಬಿಟ್ಟಿದ್ದೆ.

ಮೂರನೇ ದಿನ ಮುಂಜಾನೆ ಸೊಸಿ ಫೋನ್ ಮಾಡಿ "ಅಕ್ಕಾರ, ಲಗೂ ಬರ್ರಿ" ಅಂದ್ಲು. ಸ್ಕೂಟಿ ತಗೊಂಡು ಹೋದ್ರ ಬಾಗಿಲಾಗ ಆ ಊರಿನ ಐದು ಮಂದಿ ಹಿರ್ಯಾರು. ಕುಂಡರಲಿಲ್ಲ. ಕೊಟ್ಟ ನೀರು ಮುಟ್ಟಲಿಲ್ಲ. ಒದರಾಡಿದ್ರೂ ನಾ ತಡಕೋತಿದ್ದೆ, ಅವರು ದನಿ ಏರಿಸಲಿಲ್ಲ. ಎಲ್ಲಾರಿಗಿಂತ ಹಿರ್ಯಾ ಒಬ್ಬರು ಫೋನ್ ಮುಂದ ಹಿಡದು ಕೇಳಿದ್ರು: "ನಿಮ್ಮ ಹೆಸರಿಲೆ ಬಂದೈತಿ. 'ನನ್ನ ಕೈಯಾಗ' ಅಂತ ಬರದೈತಿ. ಇದನ್ನ ನೀವ ಹಾಕೀರೇನ್ರಿ?"

ಕಾಕಾ ಆ ವಿಡಿಯೋ ಮೊದಲ ಸಲ ನೋಡಿದ್ದು ಆವತ್ತ. ಮುಗಿಯೂತನಕ ನೋಡಿದ್ರು. ಆಮ್ಯಾಲ ನನ್ನ ಕಡೆ ನೋಡಿದ್ರು. ನಾ ಕೆಲಸದ ಎರಡೂ ಫೋನ್ ಕೈಯಾಗ ಹಿಡಕೊಂಡು ಕಂಬಕ್ಕ ಆತು ನಿಂತಿದ್ದೆ. ಮಂದಿ ಸಲುವಾಗಿ ದಿನಾ ವಟವಟ ಅನ್ನೂ ಈ ಹಾಳಾದ ಬಾಯಿ ಆವತ್ತು ತೆರೀಲಿಲ್ಲ.

"ಹೌದ್ರಿ, ನಾನ ಹಾಕೀನಿ" ಅಂದ್ರು ಕಾಕಾ.

ಹಿರ್ಯಾರು ಒಮ್ಮೆ ಕಾಕಾನ ಕಡೆ, ಒಮ್ಮೆ ನನ್ನ ಕಡೆ ನೋಡಿಕೋತ ಭಾಳ ಹೊತ್ತು ನಿಂತ್ರು. ಆಮ್ಯಾಲ ಒಳಗ ಹೋಗಿ, ಮಾರಿ ನೋಡದ, ತಾಯಿಗೆ ಹೊಸ ಸೀರಿ ಸುತ್ತಿ ಎತ್ತಿದ್ರು. "ಕಣ್ಣಷ್ಟು ಬರದು ಕೊಡ್ತೀನ್ರಿ, ಇವತ್ತ ಬರೀತೀನಿ" ಅಂತ ಕಾಕಾ ಒಂದ ಸಲ ಕೈಮುಗದ್ರು. ಅವರು ತಲಿ ಅಲ್ಲಾಡಿಸಿ ಬ್ಯಾರೆ ಬರಿಯಾವರ ಮನಿಗೆ ಒಯ್ದ್ರು. ಮೂರು ತಲಿಯಿಂದ ಬಂದ ಹಕ್ಕು ಅರ್ಧ ತಾಸಿನ್ಯಾಗ ಆ ಹೊಸ್ತಿಲ ದಾಟಿ ಹೋತು.

"ನಾ ಹಾಕಿದ್ದನ್ನ ನೀವ್ಯಾಕ ಮ್ಯಾಲ ಹಾಕ್ಕೊಂಡ್ರಿ ಕಾಕಾ?" ಅಂತ ಅಳಕೋತ ಕೇಳಿದೆ.

"ಹೊರಗಿನಾಕಿ ಹಾಕ್ಯಾಳ ಅಂದ್ರ ತಾಯಿ ಇದ್ದ ಖೋಲಿಗೆ ಹೊರಗಿನಾಕಿನ್ನ ಬಿಟ್ಟಂಗಾತಲ್ಲವ್ವ. ನೀ ಮನಿಯಾಕಿ ಅಂತ ಒಳಗ ಕರದೆ. ಫೋನ್ ಹಿಡದಾಗ ನಿನಗಂತ ತಗೊಳ್ಳಾಕತ್ತಿ ಅನ್ಕೊಂಡೆ." ಬಯ್ಯಲಿಲ್ಲ. ಬೈದಿದ್ರ ಎಷ್ಟೋ ಛಲೋ ಇತ್ತು.

ವಿಡಿಯೋ ಅಳಿಸಿದೆ. ಪೇಜ್ ಬಂದ್ ಮಾಡ್ತೀನಿ ಅಂದ್ರ ಸೊಸಿ ಬ್ಯಾಡ ಅಂದ್ಲು, ಗೊಂಬಿ ಮಾರಬೇಕಲ್ಲ. ಈಗ ಆಕಿ ಕಳಿಸೂ ವಿಡಿಯೋದಾಗ ಕಾಕಾ ಗಿಳಿಗೆ ರೆಕ್ಕಿ ಬಣ್ಣ ಹಚ್ತಾರ, ಕೊಕ್ಕು ಹಚ್ತಾರ, ಕಣ್ಣಿಗೆ ಬಂದ ಕೂಡಲೆ ಆಕಿ ಕಡೆ ಸರಸ್ತಾರ. ಗೊಂಬಿಗೆ ಸುದ್ದಾ ಕಣ್ಣು ಬರಿಯೂದು ಬಿಟ್ಟಾರ. ಒಂದಿನ ಪೇಜಿನ್ಯಾಗ ಯಾರೋ ಬರದ್ರು: "ಅಜ್ಜಾರ, ನಿಮ್ಮ ಕೈಲೆ ಬರದ ಕಣ್ಣು ಮಾತಾಡ್ತಾವ್ರಿ." ಧನ್ಯವಾದಗಳು ಅಂತ ಒತ್ತಾಕ ಹೋದ ಬೆರಳು ಹಂಗ ನಿಂತಿತು.

ಮರುದಿನ ಕಿನ್ನಾಳಕ್ಕ ಹೋಗಿ ಕೇಳಿದೆ, ಈ ಸಲ ಕೇಳಿದೆ: "ತಪ್ಪು ಮಾಡಿದಾಕಿ ನಾನು ಅಂತ ಪೇಜಿನ್ಯಾಗ ಹಾಕಲೇನ್ರಿ ಕಾಕಾ?"

ಕುಂಚ ನೀರಾಗ ಅದ್ದಿ ತೊಳದು, ಒರಸಿ ಇಟ್ರು. "ನನ್ನ ಬಾಯಿಲೆ ಸಾಕವ್ವ. ಹೇಳೂದಿದ್ರ ನಿನ್ನ ಬಾಯಿಲೆ ಹೇಳು. ಅವರ ಮುಂದ ಹೇಳು."

ಬಸ್ ಹತ್ತಿ ಯಲಬುರ್ಗಾಕ್ಕ ಹೋಗಿ, ಅಲ್ಲಿಂದ ಆ ಊರಿಗೆ ಹೋದೆ. ಆವತ್ತು ಫೋನ್ ಹಿಡದು ಕೇಳಿದ್ದ ಹಿರ್ಯಾರು ಗುಡಿ ಕಟ್ಟಿ ಮ್ಯಾಲ ಕುಂತಿದ್ರು. ನಿಂತಲ್ಲೇ ಎಲ್ಲಾ ಹೇಳಿದೆ. ಕೇಳದ ಹಾಕಿದ್ದು, ಕಾಕಾನ ಹೆಸರಿಲೆ ಬರದದ್ದು, ಸುಮ್ನ ನಿಂತದ್ದು.

"ಗೊತ್ತಿತ್ತು ತಂಗಿ" ಅಂದ್ರು. "ಆ ಮನುಷ್ಯಾ ಫೋನ್ ಮುಟ್ಟಿದ್ದ ನಾವ್ಯಾರೂ ಕಂಡಿಲ್ಲ. ಆದ್ರ ನಾನ ಹಾಕೀನಿ ಅಂತ ತಾವ ಅಂದ ಮ್ಯಾಲ ಅವರ ಮಾತು ಸುಳ್ಳು ಅಂತ ನಾವು ಹೆಂಗ ಅನ್ನೂದು? ನೀ ಹೇಳ್ತಿ ಅಂತ ಅಷ್ಟೊತ್ತು ನಿಂತ್ವಿ. ತಪ್ಪಾತು, ನಾ ಹಾಕೀನಿ ಅಂತ ನೀ ಒಂದು ಮಾತು ಅಂದಿದ್ರ ತಾಯಿನ್ನ ಅಲ್ಲೇ ಬಿಟ್ಟು ಬರ್ತಿದ್ವಿ."

ಅವರ ಹಿಂದ ಗುಡಿ ಬಾಗಿಲ ತೆರದಿತ್ತು. ತಾಯಿ ಕಣ್ಣು ನೋಡೂ ಧೈರ್ಯ ನನಗ ಆಗಲಿಲ್ಲ. ಹೊರಗಿಂದ ಹಣಿ ಮುಟ್ಟಿಸಿ ಬಸ್ಸಿಗೆ ಬಂದೆ.