ಮೇಲಿನ ಗದ್ದೆಯ ನೀರು

ನಿವೃತ್ತಿಯಾದ ಮೇಲೂ ನನ್ನ ಬುಧವಾರ ಬದಲಾಗಲಿಲ್ಲ. ಮಹಾಂತೇಶ ನಗರದ ಮನೆಯಲ್ಲಿ ಐದಕ್ಕೆ ಏಳುವುದು, ಬೂಟು ತಿಕ್ಕಿ ಹಾಕಿಕೊಳ್ಳುವುದು, ಖಾನಾಪುರದ ಮೊದಲ ಬಸ್ಸು ಹಿಡಿಯುವುದು. ಕೃಷಿ ಇಲಾಖೆಯ ಅಭ್ಯಾಸ. ಮಲಪ್ರಭೆಯ ದಂಡೆಯ ರೈತರಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು: ಜೋರು ಮಳೆಯ ಮುಂಚೆ ಯೂರಿಯಾ ಎರಚಬೇಡಿ, ಅದು ಬೆಳೆ ಬಿಟ್ಟು ಹೊಳೆ ಸೇರುತ್ತದೆ. ಅಲ್ಲಿನ ರೂಢಿ ಇದಕ್ಕೆ ತದ್ವಿರುದ್ಧ. ಮೋಡ ಕಪ್ಪಾದರೆ ಸಾಕು, ಮಳೆಯೇ ಗೊಬ್ಬರ ಕರಗಿಸುತ್ತದೆಂದು ಬುಟ್ಟಿ ಹಿಡಿದು ಗದ್ದೆಗೆ ಇಳಿಯುತ್ತಾರೆ.

ನನ್ನ ಮಾತು ಕೇಳಿದವಳು ಗಂಡನಿಲ್ಲದ ಒಬ್ಬ ಹೆಣ್ಣುಮಗಳು. ಅವಳ ಗದ್ದೆ ಹೊಳೆಗೆ ಹತ್ತಿಕೊಂಡಿತ್ತು. ಮೇಲಿನ ಗದ್ದೆ ಅವಳ ಭಾವನದು, ಗಂಡನ ಅಣ್ಣನದು. ಅವನ ನೀರು ಇವಳ ಗದ್ದೆಯಲ್ಲಿ ಹಾದು, ಒಡ್ಡಿನ ಕಂಡಿಯಿಂದ ಹೊಳೆಗೆ ಬೀಳುತ್ತಿತ್ತು. ಮೇಲಿನ ನೀರಿಗೆ ದಾರಿ ಬಿಡಬೇಕೆಂಬುದು ಅಜ್ಜನ ಕಾಲದ ಕಟ್ಟಳೆ. ಈ ವರ್ಷ ಅವಳ ಭತ್ತ ಕೈಕೊಟ್ಟರೆ ಆ ಗದ್ದೆಯನ್ನೂ ತಾನೇ ಮಾಡುತ್ತೇನೆಂದು ಭಾವ ಮನೆಯವರೆದುರು ಹೇಳಿಬಿಟ್ಟಿದ್ದ.

ಆ ಬುಧವಾರ ಗೊಬ್ಬರವಿಲ್ಲದೆ ಅವಳ ಪೈರು ಹಳದಿಗೆ ತಿರುಗಿತ್ತು. ಪಡುವಣದಿಂದ ಮೋಡ ಒತ್ತಿಕೊಂಡು ಬರುತ್ತಿತ್ತು. ಮೇಲೆ ಭಾವ ಯೂರಿಯಾ ಎರಚುತ್ತಿದ್ದ.

"ಬರ್ರಿ ಸಾಹೇಬ್ರ! ಹೊಳಿ ಡಾಕ್ಟರ ಬಂದ್ರು ನೋಡ್ರಿ. ಹೊಳಿ ನಾಡಿ ಹೆಂಗೈತ್ರಿ?" ಎಂದು ಅವನು ಅಲ್ಲಿಂದಲೇ ಕೂಗಿದ.

ಅವಳು ನಗಲಿಲ್ಲ. ಕಾಲ ಬಳಿ ಬಿಚ್ಚದ ಯೂರಿಯಾ ಚೀಲವಿತ್ತು. "ಸರ, ಪೈರು ಹೋದ್ರ ಗದ್ದಿನೂ ಹೋಗತೈತಿ. ಖರೇ ಹೇಳ್ರಿ, ಹಾಕಲ್ಯೋ ಬ್ಯಾಡೋ?"

"ಮಳಿ ನಿಲ್ಲೂತನಕ ತಡಿಯವಾ," ಎಂದೆ. ಅದು ಯಾವಾಗ ನಿಲ್ಲುತ್ತದೆಂದು ನನಗೇನು ಗೊತ್ತಿತ್ತು?

ಮಳೆ ಸುರಿಯಿತು. ಮೇಲಿನ ನೀರು ಅವಳ ಗದ್ದೆಗೆ ಧುಮುಕತೊಡಗಿತು. ಅದನ್ನೇ ನೋಡುತ್ತ ನಿಂತವಳು, ತಲೆಯ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಬಿಸಾಡಿ, ಸಲಿಕೆ ಹಿಡಿದು, ಹೊಳೆಯ ಕಡೆಯ ಕಂಡಿಗೆ ಹುಲ್ಲುಹೆಂಟೆ ತುಂಬತೊಡಗಿದಳು.

"ಒಡ್ಡು ಒಡದೀತು!" ಎಂದು ಕೂಗಿದೆ.

"ಒಡದ್ರ ಒಡೀಲಿ. ಬಂದು ತುಳೀರಿ!"

ಬೂಟಿನಲ್ಲೇ ಇಳಿದು ತುಳಿದೆ. ನೀರು ಒಡ್ಡಿನ ಅಂಚಿಗೆ ಬಂತು. ಒಂದೆಡೆ ಮಣ್ಣು ಜಾರಿತು. ಅವಳು ಅಲ್ಲೇ ಕುಳಿತು ಬೆನ್ನು ಒತ್ತಿದಳು.

ಭಾವ ಓಡಿ ಬಂದ. "ಏ, ಕಂಡಿ ಯಾಕ ಕಟ್ಟಿದಿ? ನನ್ನ ನೀರು ಎಲ್ಲಿ ಹೋಗಬೇಕು?"

"ಎಲ್ಲೂ ಹೋಗೂದಿಲ್ಲ, ಭಾವಾರ. ನಿಮ್ಮ ನೀರು, ನಿಮ್ಮ ಗೊಬ್ಬರ, ಎಲ್ಲಾ ನನ್ನ ಗದ್ದ್ಯಾಗ ಇರತಾವು. ಇನ್ನಷ್ಟು ಇದ್ರ ಕಳಸ್ರಿ."

ಇಷ್ಟು ವರ್ಷ ಹೊಳೆಗೆ ಹೋದ ಗೊಬ್ಬರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ತಮ್ಮನ ಹೆಂಡತಿಯ ಗದ್ದೆಗೆ ಹೋದದ್ದು ಥಟ್ಟನೆ ಕಂಡಿತು. ಬೈಯುತ್ತಲೇ ಮೇಲೇರಿ ತನ್ನ ಕಂಡಿ ಮುಚ್ಚತೊಡಗಿದ. ಮೇಲಿನ ನೀರು ಸಣ್ಣದಾಯಿತು. ಒಡ್ಡು ನಿಂತಿತು. ನನ್ನ ಬಸ್ಸು ಹೋಗಿತ್ತು.

ಮುಂದಿನ ವಾರ ಅವಳ ಪೈರು ಹಸಿರಾಗಿತ್ತು, ಚೀಲ ಹಾಗೇ ಇತ್ತು. ಗದ್ದೆಯ ಮಾತನ್ನು ಭಾವ ಎತ್ತಲಿಲ್ಲ. ತನ್ನ ಒಡ್ಡಿನ ಮೇಲೆ ಕುಳಿತು ಮೋಡ ನೋಡುತ್ತಿದ್ದ.

"ಡಾಕ್ಟರ ಸಾಹೇಬ್ರ, ಇನ್ನೊಂದು ಚೀಲ ಬಿಚ್ಚಬೇಕು. ಮಳಿ ಯಾವಾಗ ನಿಲ್ಲತೈತ್ರಿ?"