ಬೀಟೆ ಹಿಡಿಯ ಬಲಹೋಳು

ಕನ್ನಡಕ ರಿಪೇರಿಯವನಿಗೆ ಒಂದು ಹುಚ್ಚಿತ್ತು: ಹಳೇ ರಿವಾಲ್ವರುಗಳ ಬೀಟೆಮರದ ಹಿಡಿಗಳನ್ನು ಕೂಡಿಹಾಕುವ ಹುಚ್ಚು. ರಿವಾಲ್ವರಲ್ಲ, ಬರೀ ಹಿಡಿ. ಗುಂಡು ಹಾರುವ ಭಾಗ ಅವನಿಗೆ ಬೇಕಿರಲಿಲ್ಲ. ಬಾಗಿಲು ಧಡಾರೆಂದರೂ ಬೆಚ್ಚಿಬೀಳುವ ಆಸಾಮಿ ಅವನು. ಆದರೆ ಗುಜರಿ ರಾಶಿಯಲ್ಲಿ ಅಂಗೈಯಗಲದ ಮರದ ತುಂಡೊಂದು ಕಣ್ಣಿಗೆ ಬಿದ್ದರೆ ಮುಗಿಯಿತು, ಊಟ ನಿದ್ದೆ ಎರಡೂ ಬೇಡ. ಹಿಂಬದಿಯನ್ನು ಸ್ಯಾಂಡ್‌ಪೇಪರಿನಿಂದ ಒಂದಿಷ್ಟು ಉಜ್ಜಿ ಮೂಸುತ್ತಿದ್ದ. ಸಿಹಿ ಘಮ ಬಂದರೆ ಬೀಟೆ. ಅನುಮಾನ ಉಳಿದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದ. ಹತ್ತಿಗೆ ನೇರಳೆ ಬಣ್ಣ ಹತ್ತಿದರೆ ಸರಿ, ಚಹಾದ ಬಣ್ಣ ಹತ್ತಿದರೆ ಅದು ಯಾರೋ ಬಣ್ಣ ಬಳಿದು ಕೂರಿಸಿದ ಬಡಪಾಯಿ ಮರ. ಬೇರೆ ವಿಷಯದಲ್ಲಿ ಹೇಗೋ ಏನೋ, ಮರದ ವಿಷಯದಲ್ಲಿ ಅವನು ಸುಳ್ಳಾಡಿದವನಲ್ಲ.

ಹಿಡಿಗೆ ಎರಡು ಹೋಳು, ಎಡದ್ದೊಂದು, ಬಲದ್ದೊಂದು. ಅವನ ಬಳಿಯಿದ್ದ ಅತಿ ಚೆಂದದ ತುಂಡು, ಕಪ್ಪು ಗೆರೆಗಳು ಹರಿದಾಡಿದ ಒಂದು ಬಲಹೋಳು, ಒಂಟಿಯಾಗಿತ್ತು. ಅವನೂ ಒಂಟಿಯೇ. ಮನೆಯಲ್ಲಿದ್ದವಳು ಅಕ್ಕ ಒಬ್ಬಳು.

"ಮರಕ್ಕೆ ಜೋಡಿ ಹುಡುಕ್ತಾ ಅಲೀತೀಯ, ನಿನಗೆ ಹುಡುಕೋರು ಯಾರೋ?" ಎಂದು ಅವಳು ಗೊಣಗಿದಾಗಲೆಲ್ಲ ಅವನು ಯಾರದೋ ಕನ್ನಡಕ ಒರೆಸುತ್ತ ಕೂತುಬಿಡುತ್ತಿದ್ದ.

ಒಂದು ದಿನ ಅಕ್ಕನ ಕತ್ತರಿಗೆ ಸಾಣೆ ಹಿಡಿಸಲು ಹಿಂದಿನ ಬೀದಿಗೆ ಹೋದ. ಅಪ್ಪನ ನಂತರ ಮಗಳೇ ನಡೆಸುತ್ತಿದ್ದ ಸಾಣೆ ಅಂಗಡಿ ಅದು. ಅವಳ ಮೂಗಿನ ಮೇಲೆ ಕಬ್ಬಿಣದ ಪುಡಿ, ಮುಖದ ತುಂಬ ನಗು. ಮುರುಕು ಚಾಕುಗಳ ಹಿಡಿ ತುಂಬಿದ್ದ ಅವಳ ಡಬ್ಬದಲ್ಲಿ ಅವನಿಗೆ ಕಂಡದ್ದು ರಿವಾಲ್ವರಿನ ಹಿಡಿಯ ಒಂದು ಹೋಳು! ಕಪ್ಪು ಗೆರೆಯ ಅಸಲಿ ಬೀಟೆ.

"ಇದರ ಜೊತೇದು ನನ್ನ ಹತ್ರ ಇದೆ ಅನ್ಸುತ್ತೆ," ಎಂದು ತೊದಲಿದ.

"ಹೌದಾ? ಸರಿಯಾಗಿ ನೋಡಿ ಹೇಳಿ. ಜೋಡಿ ಆದ್ರೆ ನಿಮಗೇ," ಎಂದಳು ಅವಳು.

ಅಂಗೈಯಲ್ಲಿ ಇಟ್ಟುಕೊಂಡ ಕೂಡಲೇ ಅವನಿಗೆ ತಿಳಿಯಿತು: ಇದೂ ಬಲಹೋಳೇ. ಎರಡು ಬಲಗಾಲಿನ ಚಪ್ಪಲಿ ಸೇರಿ ಜೋಡಿಯಾಗುವುದುಂಟೇ? ಹೇಳಿಬಿಡಬೇಕಿತ್ತು. ಅಷ್ಟರಲ್ಲಿ ಅವಳು ಮೂಗಿನ ಮೇಲಿನ ಪುಡಿ ಒರೆಸಲು ಹೋಗಿ ಕೆನ್ನೆಗೂ ಬಳಿದುಕೊಂಡಳು. "ಬಿಸಿಲಲ್ಲಿ ನೋಡ್ಬೇಕು, ಇನ್ನೊಂದಿನ ಬರ್ತೀನಿ," ಎಂದುಬಿಟ್ಟ.

ಅವಳ ಅಂಗಡಿಗೇ ಮತ್ತೆ ಮತ್ತೆ ಹೋಗಿ ಬಿಸಿಲಲ್ಲಿ ನೋಡಿದ. ಮೋಡ ಮುಚ್ಚಿದಾಗ ನೋಡಿದ. ಭೂತಗನ್ನಡಿಯಲ್ಲಿ ನೋಡಿದ, ಮೂಸಿದ, ಹತ್ತಿಯಲ್ಲಿ ಒರೆಸಿದ, ಪುನಃ ಮೂಸಿದ. ಬರಿಗೈಯಲ್ಲಿ ಹೋಗಲಾದೀತೇ? ಸಾಣೆಗೆಂದು ಪ್ರತಿ ಸಲ ಮನೆಯ ಒಂದೊಂದು ಚಾಕು. ಅಲ್ಲಿಂದ ಮರಳುವಾಗ ಅವನ ಕಾಲು ನೆಲದ ಮೇಲೆ ಇರುತ್ತಿರಲಿಲ್ಲ. ಆ ಗುಂಗಿನಲ್ಲೇ ಗಿರಾಕಿಯೊಬ್ಬರ ಕನ್ನಡಕಕ್ಕೆ ಎಡಗಾಜನ್ನು ಬಲಕ್ಕೆ ಕೂರಿಸಿ ಕಳಿಸಿದ. ಪಾಪ, ಆ ಮನುಷ್ಯ ದೀಪದ ಕಂಬಕ್ಕೆ ನಮಸ್ಕಾರ ಹೇಳಿ ಕ್ಷೇಮ ವಿಚಾರಿಸುತ್ತ ನಿಂತಿದ್ದ.

"ಲೋ, ಅಡುಗೆಮನೆಗೆ ಕಾಲಿಡೋಕೆ ಭಯ ಆಗ್ತಿದೆ," ಎಂದಳು ಅಕ್ಕ. "ಚಾಕು ನೋಡಿದ್ರೇನೇ ಟೊಮೇಟೊ ಎರಡು ಹೋಳಾಗುತ್ತೆ! ಮೊನ್ನೆ ಚಮಚಕ್ಕೂ ಸಾಣೆ ಹಿಡಿಸಿದ್ದೀಯಲ್ಲೋ, ತಲೆ ನೆಟ್ಟಗಿದೆಯಾ?"

ಒಂದು ಮಧ್ಯಾಹ್ನ ಸಾಣೆಯವಳು ಚಕ್ರ ನಿಲ್ಲಿಸಿದಳು.

"ಈ ಹೋಳು ಕೇಳ್ಕೊಂಡು ಬೇರೆ ಒಬ್ರು ಬಂದಿದ್ರು. ಸಾಯಂಕಾಲ ಮತ್ತೆ ಬರ್ತಾರೆ. ಈಗಲೇ ಹೇಳಿಬಿಡಿ, ನಿಮ್ಮದರ ಜೋಡಿ ಹೌದೋ ಅಲ್ವೋ? ಹೌದಾದ್ರೆ ತಗೊಂಡ್ಹೋಗಿ. ಅಲ್ಲ ಅಂದ್ರೆ ಅವರಿಗೆ ಕೊಟ್ಟು ಕೈ ತೊಳ್ಕೋತೀನಿ."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೌದೆಂದರೂ ಇಲ್ಲಿಗೆ ಬರುವ ನೆಪ ಮುಗಿಯಿತು, ಅಲ್ಲವೆಂದರೂ ಮುಗಿಯಿತು. ಮನೆಯಲ್ಲಿ ಸಾಣೆ ಕಾಣದೆ ಉಳಿದದ್ದು ಬಾಚಣಿಗೆಯೊಂದೇ. ಹೌದೆಂದರೆ ಆ ಚೆಂದದ ಹೋಳಾದರೂ ಕೈಗೆ ಬರುತ್ತಿತ್ತು. ಆದರೆ ಮರದ ವಿಷಯದಲ್ಲಿ, ಅದೂ ಇವಳ ಮುಂದೆ, ಸುಳ್ಳಿಗೆ ನಾಲಗೆ ಹೊರಳಲಿಲ್ಲ.

"ಅಲ್ಲ ಕಣ್ರೀ. ಎರಡೂ ಬಲಗಡೇವೇ. ಯಾವತ್ತೂ ಜೋಡಿ ಆಗಲ್ಲ. ಮೊದಲನೇ ದಿನಾನೇ ಗೊತ್ತಾಗಿತ್ತು."

ಅವಳು ಅವನನ್ನೇ ನೋಡಿದಳು. ಆಮೇಲೆ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನನಗೂ ಗೊತ್ತಿತ್ತು ರೀ! ದಿನಾ ಕತ್ತರಿ ಬಿಚ್ಚಿ ಜೋಡಿಸೋಳು ನಾನು. ಎಡ ಯಾವ್ದು, ಬಲ ಯಾವ್ದು ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವ್ಯಾಕೆ ಹೇಳ್ಲಿಲ್ಲ?"

ಅವನ ಕಿವಿ ಕೆಂಪಾಯಿತು. "ಸಾಯಂಕಾಲ ಬರೋರು...?"

"ಯಾರೂ ಬರಲ್ಲ. ಹಾಗಾದ್ರೂ ಬಾಯಿ ಬಿಡ್ತೀರೇನೋ ಅಂತ ಹೇಳ್ದೆ."

"ಹಾಗಾದ್ರೆ ಈ ಹಿಡಿ..."

"ಹಿಡಿ ಹಿಡಿ ಅಂತ ಇನ್ನೂ ಎಷ್ಟು ದಿನ ಅಂತೀರಿ?" ಅವಳು ಪುಡಿ ಮೆತ್ತಿದ ಅಂಗೈಯನ್ನು ಬಟ್ಟೆಗೆ ಒರೆಸಿ ಮುಂದೆ ಚಾಚಿದಳು. "ಕೈ ಹಿಡೀರಿ."

ಎಡಗೈ ಕೊಡಬೇಕೋ ಬಲಗೈ ಕೊಡಬೇಕೋ ತೋಚದೆ ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ.